ರಿಟೈರ್ ಆದ್ಮೇಲೆ ಒಂದೊಂದು ಬ್ಯಾಗ್ ಹಿಡ್ಕೊಂಡು ಪರದೇಶದಲ್ಲಿ ತಿರುಗ್ತಾ ಬದುಕ್ಲಿಕ್ಕೆ ಆಗ್ತದಾ? ಬದಿಯಡ್ಕ ಕಡೆಯ ಮಾಷ್ಟ್ರಿಗೆ ಉತ್ತರ

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ರದವ. ಕನ್ನಡ ಮೀಡಿಯಂ ಹೈಸ್ಕೂಲಲ್ಲಿ ಮಾಷ್ಟ್ರಾಗಿದ್ದು ರಿಟೈರ್ ಆದೆ, ಹೆಂಡತಿಯೂ ಟೀಚರ್, ಅವಳ ಸರ್ವಿಸ್ ಈ ವರ್ಷ ಮುಗೀತದೆ. ಮಗ ಬೆಂಗ್ಳೂರಲ್ಲಿ, ಮಗಳು ಜರ್ಮನಿಯಲ್ಲಿ. ಒಂದೂವರೆ ಎಕ್ರೆ ಅಡಿಕೆ ತೋಟ, ಅಜ್ಜನ ಕಾಲದ ಹಂಚಿನ ಮನೆ ಉಂಟು. ಇದನ್ನೆಲ್ಲ ಮಾರಿ ಒಂದೊಂದು ಬ್ಯಾಗ್ ಹಿಡ್ಕೊಂಡು ಒಂದೊಂದು ದೇಶದಲ್ಲಿ ಎರಡೆರಡು ತಿಂಗಳು ಇದ್ದು ಬದುಕುವ ಅಂತ ಇಬ್ಬರಿಗೂ ಆಸೆ. ನನಗೆ ಶುಗರ್, ಅವಳಿಗೆ ಬಿಪಿ, ಊಟ ಪೂರಾ ಸಸ್ಯಾಹಾರ. ನಾನು ತಾಳಮದ್ದಳೆಯಲ್ಲಿ ಅರ್ಥ ಹೇಳುವವ, ಅದೊಂದು ಬಿಟ್ಟು ಹೋಗ್ಲಿಕ್ಕೆ ಬೇಜಾರು. ನಮ್ಮಂಥವರಿಗೆ ಇದು ಆಗುವ ಸಂಗತಿಯಾ? ಎಲ್ಲಿಂದ ಶುರು ಮಾಡ್ಬೇಕು?

ಉತ್ತರ: ಮಾಷ್ಟ್ರೇ, ಆಗ್ತದೆ. ಮೊದಲು ಅದನ್ನೇ ಹೇಳ್ತೇನೆ, ಯಾಕಂದ್ರೆ ಈ ಪ್ರಶ್ನೆ ಕೇಳಿದವರಿಗೆ ನಮ್ಮ ಕಡೆ ಸಿಗುವ ಮೊದಲ ಮಾತು "ಈ ಪ್ರಾಯದಲ್ಲಿ ಅದೆಲ್ಲ ಎಂತಕ್ಕೆ" ಅಂತ. ನಾನು ಬ್ಯಾಂಕಲ್ಲಿ ಫಾರಿನ್ ಎಕ್ಸ್‌ಚೇಂಜ್ ಕೆಲಸ ಮಾಡಿದವ, ಈಗ ಕಾಸರಗೋಡಲ್ಲಿ ಪೆನ್ಶನ್‌ನವರ ಟ್ಯಾಕ್ಸು, ಕಾಗದಪತ್ರ ನೋಡ್ಕೊಡ್ತೇನೆ. ನಾನೂ ಮನೆಯವಳೂ ರಿಟೈರ್ ಆದ್ಮೇಲೆ ಹೀಗೇ ಶ್ರೀಲಂಕಾ, ಮಲೇಶಿಯಾ, ಥಾಯ್ಲೆಂಡ್, ವಿಯೆಟ್ನಾಂ ಅಂತ ತಿಂಗಳುಗಟ್ಟಲೆ ಇದ್ದು ಬಂದವರು, ಇನ್ನೂ ಹೋಗ್ತಾ ಇದ್ದೇವೆ. ಅದರಿಂದ ನನಗೆ ಗಟ್ಟಿಯಾಗಿ ಗೊತ್ತಾದ ವಿಷಯ ಎಂತ ಅಂದ್ರೆ, ಬ್ಯಾಗ್ ಹಗುರ ಮಾಡುದು ಒಂದು ಮಧ್ಯಾಹ್ನದ ಕೆಲಸ, ಊರಲ್ಲಿ ಬಿಟ್ಟು ಹೋಗುವ ಗಂಟುಗಳನ್ನು ಬಿಡಿಸ್ಲಿಕ್ಕೆ ಒಂದು ವರ್ಷ ಬೇಕು. ಆ ವರ್ಷದ ಕೆಲಸ ಮಾಡದೆ ಹೊರಟವರು ಪರದೇಶದಲ್ಲಿ ಕೂತು ದಿನವಿಡೀ ಊರಿಗೆ ಫೋನ್ ಮಾಡ್ತಾ ಇರ್ತಾರೆ, ಅದಕ್ಕೆ ಅಷ್ಟು ದೂರ ಹೋಗ್ಬೇಕಾ?

ಇನ್ನು ಮಾರುವ ವಿಷಯ. ಮಾರ್ಬೇಡಿ. ಕಡೇಪಕ್ಷ ಮೊದಲ ಎರಡು ಮೂರು ವರ್ಷ ಮಾರ್ಲೇಬೇಡಿ. ಹಂಚಿನ ಮನೆಯನ್ನು ಜೂನಿಂದ ಸೆಪ್ಟೆಂಬರ್ ತನಕ ಬಾಗಿಲು ಹಾಕಿಟ್ರೆ ಎಂತಾಗ್ತದೆ ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ, ಪಕ್ಕಾಸಿಗೆ ಗೆದ್ದಲು, ಬಟ್ಟೆಗೆ ಬೂಸ್ಟು, ಒಂದು ಹಂಚು ಜಾರಿದ್ರೆ ಗೋಡೆ ಪೂರಾ ಚಂಡಿ. ತೋಟವೂ ಹಾಗೇ, ಮಳೆ ಹಿಡಿಯುವ ಮುಂಚೆ ಒಂದು ಸಲ, ಮತ್ತೆ ನಲ್ವತ್ತೈದು ದಿನ ಬಿಟ್ಟು ಇನ್ನೊಂದು ಸಲ 1 ಪರ್ಸೆಂಟ್ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಬಿಡದಿದ್ರೆ ಕೊಳೆರೋಗ ಬಂದು ಕಾಯಿ ಎಲ್ಲ ಕೆಳಗೆ. ಅಂದ್ರೆ ನಮ್ಮ ಮನೆ, ತೋಟ ಯಜಮಾನನನ್ನು ಜಾಸ್ತಿ ಕೇಳುದು ಮಳೆಗಾಲದಲ್ಲಿ. ಹಾಗಾಗಿ ನನ್ನ ಸಲಹೆ, ದೀಪಾವಳಿ ಕಳೆದು ಹೊರಟು ಮಾರ್ಚಿಗೆ ವಾಪಸ್ ಬನ್ನಿ, ಮಳೆಗಾಲ ಊರಲ್ಲೇ ಇರಿ. ನಿಮ್ಮ ತಾಳಮದ್ದಳೆಗೂ ಇದೇ ಒಳ್ಳೇದು ನೋಡಿ, ದೀಪಾವಳಿಯಿಂದ ಮೇ ಕೊನೆಯ ಪತ್ತನಾಜೆ ತನಕ ಯಕ್ಷಗಾನ ಮೇಳಗಳದ್ದೇ ತಿರುಗಾಟ, ಕೂಟಗಳು ಬಿರುಸಾಗುದು ಮೇಳ ಒಳಗೆ ಕೂತ ಮೇಲೆ, ಆ ಹೊತ್ತಿಗೆ ನೀವು ಊರಲ್ಲಿರ್ತೀರಿ. ಜನವರಿಯ ಕುಂಬ್ಳೆ ದೇವಸ್ಥಾನದ ಆಯನ (ಜಾತ್ರೆ), ಬೆಡಿ (ಸಿಡಿಮದ್ದು) ತಪ್ಪಿಹೋಗ್ತದೆ, ಅದು ನಷ್ಟವೇ, ನನಗೆ ಪ್ರತಿ ಸಲ ಬೇಜಾರಾಗ್ತದೆ.

ಕೊಯ್ಲು, ನೀರು ಹಾಕುದು ಎರಡೂ ನೀವಿಲ್ಲದ ತಿಂಗಳಲ್ಲೇ ಬರ್ತದಲ್ವಾ, ಅದಕ್ಕೆ ಫಸಲನ್ನು ಚೇಣಿಗೆ ಕೊಡಿ, ಅಂದ್ರೆ ಮರದಲ್ಲಿರುವಾಗಲೇ ಆ ವರ್ಷದ್ದನ್ನು ಮಾರಿಬಿಡಿ, ನೀರಿಗೆ ನಂಬಿಕೆಯ ಒಬ್ಬ ಜನ ಮಾಡಿ. ಆದ್ರೆ ಕಾಗದ ಬರೆಸುವಾಗ ಜಾಗ್ರತೆ, ಕೇರಳದಲ್ಲಿ ಭೂಸುಧಾರಣೆ ಕಾಯ್ದೆಯ ಪ್ರಕಾರ ಕೃಷಿ ಭೂಮಿಯನ್ನು ಹೊಸದಾಗಿ ಗೇಣಿಗೆ ಕೊಡ್ಲಿಕ್ಕೆ ಇಲ್ಲ, ಆದ್ದರಿಂದ ಇಂಥ ವರ್ಷದ ಫಸಲು ಮಾರಿದ್ದು ಅಂತ ಮಾತ್ರ ಇರ್ಲಿ, ಭೂಮಿ ವಹಿಸಿಕೊಟ್ಟ ಹಾಗೆ ಒಂದು ಶಬ್ದವೂ ಬರ್ಬಾರ್ದು, ವಕೀಲರಿಗೆ ತೋರಿಸಿಯೇ ಸೈನ್ ಹಾಕಿ. ತೀರ್ವೆ, ಪಂಚಾಯತ್ ಟ್ಯಾಕ್ಸು, ಕರೆಂಟ್ ಬಿಲ್ಲು ಎಲ್ಲ ಆನ್‌ಲೈನಲ್ಲಿ ಕಟ್ಟಬಹುದು, ಅದು ದೊಡ್ಡ ವಿಷಯ ಅಲ್ಲ. ದೊಡ್ಡ ವಿಷಯ ಮುಕ್ತ್ಯಾರು. ಮಗನ ಹೆಸರಲ್ಲಿ ಒಂದು ಪವರ್ ಆಫ್ ಅಟಾರ್ನಿ ಹೊರಡುವ ಮುಂಚೆಯೇ ಇಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಮಾಡಿಸಿಡಿ, ಇಂತಿಂಥ ಕೆಲಸಕ್ಕೆ ಮಾತ್ರ ಅಂತ ಬರೆಸಿ, ಮಾರುವ ಅಧಿಕಾರ ಸೇರಿಸ್ಲಿಕ್ಕೆ ಹೋಗ್ಬೇಡಿ. ಹೋದ ಮೇಲೆ ನೆನಪಾದ್ರೆ ಅಲ್ಲಿನ ನಮ್ಮ ಎಂಬೆಸಿಯಲ್ಲಿ ಅಟೆಸ್ಟ್ ಮಾಡಿಸಿ ಕಳಿಸ್ಬೇಕು, ಅದು ಇಲ್ಲಿ ತಲುಪಿ ಮೂರು ತಿಂಗಳ ಒಳಗೆ ಸ್ಟ್ಯಾಂಪ್ ಡ್ಯೂಟಿ ಕಟ್ಬೇಕು, ಅಷ್ಟೆಲ್ಲ ಒದ್ದಾಟ ಯಾಕೆ. ವಿಲ್, ನಾಮಿನಿ, ಜಾಯಿಂಟ್ ಅಕೌಂಟ್ ಇದೆಲ್ಲವೂ ಅದೇ ವಾರದಲ್ಲಿ ಮುಗೀಲಿ. ಮಕ್ಕಳ ಹತ್ರ ಕೂತು ಯಾವ ಕಾಗದ ಎಲ್ಲಿ ಉಂಟು ಅಂತ ಬಾಯಿ ಬಿಟ್ಟು ಹೇಳಿ, ನಮ್ಮಲ್ಲಿ ಹೆಚ್ಚಿನವರು ಆ ಮಾತು ತೆಗೀಲಿಕ್ಕೇ ಸಂಕೋಚ ಪಡ್ತಾರೆ.

ವೀಸಾ ಕೂಡ ಅರ್ಧ ವರ್ಷದ ಲೆಕ್ಕಕ್ಕೇ ಸರಿ ಹೊಂದುದು. ನಮ್ಮ ಪಾಸ್‌ಪೋರ್ಟಿಗೆ ಮಲೇಶಿಯಾ 2023ರ ಡಿಸೆಂಬರಿಂದ ವೀಸಾ ಇಲ್ಲದೆ 30 ದಿನ ಬಿಡ್ತಾ ಇದೆ, ವಿಯೆಟ್ನಾಂ 2023ರ ಆಗಸ್ಟಿಂದ ಇ-ವೀಸಾದಲ್ಲಿ 90 ದಿನ ಕೊಡ್ತದೆ, ಶ್ರೀಲಂಕಾಕ್ಕೆ ಆನ್‌ಲೈನಲ್ಲೇ ಇ.ಟಿ.ಎ. (ಪ್ರವೇಶದ ಅನುಮತಿ) ಮಾಡಿಸಿದ್ರೆ 30 ದಿನ, ಮುಂದುವರಿಸ್ಲಿಕ್ಕೂ ದಾರಿ ಉಂಟು. ಇಂಡೋನೇಶಿಯಾದಲ್ಲಿ ಇಳಿದ ಮೇಲೆ ಸಿಗುವ ವೀಸಾ 30 ದಿನಕ್ಕೆ, ಮತ್ತೊಂದು 30 ಸೇರಿಸ್ಬಹುದು. ಥಾಯ್ಲೆಂಡ್ 2024ರ ಜುಲೈಯಲ್ಲಿ 60 ದಿನ ಮಾಡಿತ್ತು, ಅಲ್ಲಿ ನಿಯಮ ಆಗಾಗ ಬದಲಾಗ್ತದೆ, ಟಿಕೆಟ್ ಮಾಡುವ ದಿನವೇ ಅವರ ಎಂಬೆಸಿ ಸೈಟಲ್ಲಿ ನೋಡಿ. ಮಗಳ ಹತ್ರ ಜರ್ಮನಿಗೆ ಹೋಗುದಾದ್ರೆ ಶೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಲೆಕ್ಕ, ಯಾವುದೇ 180 ದಿನದಲ್ಲಿ 90 ದಿನ ಮಾತ್ರ, 30,000 ಯೂರೋದ ಮೆಡಿಕಲ್ ಇನ್ಶೂರೆನ್ಸ್ ಕಡ್ಡಾಯ. ಇದೆಲ್ಲ ಟೂರಿಸ್ಟ್ ವೀಸಾ ಅನ್ನುದು ನೆನಪಿರ್ಲಿ, ಒಂದು ದೇಶದಿಂದ ಹೊರಗೆ ಹೋಗಿ ಮರುದಿನ ಪುನಃ ಒಳಗೆ ಬರುದು, ಹೀಗೆ ವರ್ಷಗಟ್ಟಲೆ ಮಾಡ್ತೇನೆ ಅಂದ್ರೆ ಒಂದು ದಿನ ಇಮಿಗ್ರೇಶನ್‌ನವರು ತಡೀತಾರೆ, ತಡೆಯುವ ಹಕ್ಕು ಅವರಿಗುಂಟು. ಒಂದೇ ಕಡೆ ನೆಲೆಯಾಗಿ ಇರ್ಬೇಕಾದ್ರೆ ಥಾಯ್ಲೆಂಡಲ್ಲಿ 50 ದಾಟಿದವರಿಗೆ ರಿಟೈರ್‌ಮೆಂಟ್ ವೀಸಾ ಉಂಟು, ಆದ್ರೆ 8 ಲಕ್ಷ ಬಾತ್ ಡೆಪಾಸಿಟ್ ಅಥವಾ ತಿಂಗಳಿಗೆ 65,000 ಬಾತ್ ಆದಾಯ ತೋರಿಸ್ಬೇಕು. ಮಲೇಶಿಯಾದ ಸೆಕೆಂಡ್ ಹೋಂ ಯೋಜನೆಯಲ್ಲಿ 2024ರ ನಂತರ ಸಿಲ್ವರ್ ದರ್ಜೆಗೂ ಒಂದೂವರೆ ಲಕ್ಷ ಡಾಲರ್ ಡೆಪಾಸಿಟ್, ಮೇಲಿಂದ ಅಲ್ಲೇ ಮನೆ ತೆಗೀಬೇಕು. ಹಗುರಾಗ್ಲಿಕ್ಕೆ ಹೊರಟವರು ಹೋಗಿ ಇನ್ನೊಂದು ಮನೆ ಕಟ್ಟಿಕೊಳ್ಳುವ ದಾರಿ ಅದು, ನನಗೆ ಸರಿ ಕಾಣುದಿಲ್ಲ.

ಟ್ಯಾಕ್ಸಿಗೂ ಹೀಗೇ ಸುಲಭ. ವರ್ಷದಲ್ಲಿ 182 ದಿನ ಊರಲ್ಲಿದ್ರೆ ನೀವು ರೆಸಿಡೆಂಟ್, ಯಾವುದೂ ಬದಲಾಯಿಸ್ಲಿಕ್ಕಿಲ್ಲ. ತುಂಬ ಜನ ಬಂದು ಕೇಳ್ತಾರೆ, ಆರು ತಿಂಗಳಿಗಿಂತ ಜಾಸ್ತಿ ಹೊರಗಿದ್ರೆ ನಾವು ಎನ್ನಾರೈ ಆದೆವಲ್ಲಾ ಅಂತ. ಅಲ್ಲ. ಕೆಲಸಕ್ಕೆ ಹೋದವರಿಗೆ ಇರುವ ಆ ರಿಯಾಯಿತಿ ತಿರುಗ್ಲಿಕ್ಕೆ ಹೋದವರಿಗೆ ಇಲ್ಲ, ಆ ವರ್ಷ 60 ದಿನ ಊರಲ್ಲಿದ್ದು, ಹಿಂದಿನ ನಾಲ್ಕು ವರ್ಷ ಒಟ್ಟು ಸೇರಿ 365 ದಿನ ಇಲ್ಲಿದ್ದವರೂ ರೆಸಿಡೆಂಟೇ. ಪೆನ್ಶನಿಗೆ ಹೇಗೂ ಇಲ್ಲೇ ಟ್ಯಾಕ್ಸ್. ಎಲ್ಲ ಮಾರಿ ಪೂರ್ತಿ ಹೊರಟು ನಿಜವಾಗ್ಲೂ ಎನ್ನಾರೈ ಆದ್ರೆ ಸೇವಿಂಗ್ಸ್ ಅಕೌಂಟ್ ಎಲ್ಲ ಎನ್.ಆರ್.ಒ. (ಎನ್ನಾರೈಗಳ ಅಕೌಂಟ್) ಮಾಡಿಸ್ಬೇಕಾಗ್ತದೆ, ಹೊಸದಾಗಿ ಸೀನಿಯರ್ ಸಿಟಿಜನ್ ಸೇವಿಂಗ್ಸ್ ಸ್ಕೀಮಿಗೆ ಹಾಕ್ಲಿಕ್ಕೆ ಆಗುದಿಲ್ಲ, ನಿಮ್ಮ ಹಾಗೆ ಪೆನ್ಶನಲ್ಲಿ ಬದುಕುವವರಿಗೆ ಅದರಿಂದ ಲಾಭ ಎಂತದ್ದೂ ಕಾಣುದಿಲ್ಲ.

ದುಡ್ಡು ಕೈಗೆ ಸಿಗುವ ದಾರಿ ಮಾತ್ರ ಈಗಲೇ ನೋಡಿ. ಪೆನ್ಶನ್ ಟ್ರೆಜರಿ ಅಕೌಂಟಿಗೆ ಬರ್ತಾ ಇದ್ರೆ ಬ್ಯಾಂಕ್ ಅಕೌಂಟಿಗೆ ಬರುವ ಹಾಗೆ ಮಾಡಿಸಿ. ಲೈಫ್ ಸರ್ಟಿಫಿಕೇಟ್ ಯಾವ ತಿಂಗಳಲ್ಲಿ ಕೊಡ್ಬೇಕು ಅಂತ ನೋಡಿ ಹೊರಡುವ ಮುಂಚೆಯೇ ಜೀವನ್ ಪ್ರಮಾಣ್ ಮುಗಿಸಿ, ಈಗ ಫೋನಲ್ಲಿ ಮುಖ ತೋರಿಸಿಯೂ ಆಗ್ತದೆ. ಒಬ್ಬೊಬ್ಬರು ಎರಡೆರಡು ಬ್ಯಾಂಕಿನ ಕಾರ್ಡ್ ಇಟ್ಕೊಳ್ಳಿ, ಒಂದು ಬ್ಯಾಗಲ್ಲಿ, ಒಂದು ಮೈಮೇಲೆ. ನಮ್ಮ ಕಾರ್ಡುಗಳಲ್ಲಿ ಹೆಚ್ಚಿನವು ಹೊರದೇಶದ ಖರ್ಚಿಗೆ 2ರಿಂದ 3.5 ಪರ್ಸೆಂಟ್ ಜಾಸ್ತಿ ಹಾಕ್ತವೆ, ಅದಕ್ಕೆ ಜಿಎಸ್‌ಟಿ ಬೇರೆ, ಇದು ಕಡಿಮೆ ಇರುವ ಕಾರ್ಡ್ ಹುಡುಕಿ. ಅಂಗಡಿಯ ಮೆಶಿನ್ ರೂಪಾಯಿಯಲ್ಲಿ ಕೊಡ್ತೀರಾ ಅಂತ ಕೇಳಿದ್ರೆ ಬೇಡ ಅನ್ನಿ, ಆ ದೇಶದ ದುಡ್ಡಲ್ಲೇ ಕೊಡಿ, ಇಲ್ಲದಿದ್ರೆ ರೇಟಲ್ಲಿ ಇನ್ನೊಮ್ಮೆ ಹೋಗ್ತದೆ. ಶ್ರೀಲಂಕಾದಲ್ಲಿ 2024ರ ಫೆಬ್ರವರಿಯಿಂದ ನಮ್ಮ ಯುಪಿಐ ನಡೀತದೆ, ದೊಡ್ಡ ಅಂಗಡಿಗಳಲ್ಲಿ ಅದು ಒಳ್ಳೆ ಉಪಕಾರ. ಬ್ಯಾಂಕಿಂದ ಹೊರಗೆ ಕಳಿಸುವ ಹಣ ವರ್ಷಕ್ಕೆ ಒಬ್ಬರದ್ದು 10 ಲಕ್ಷ ದಾಟಿದ್ರೆ ಮಾತ್ರ ಟಿಸಿಎಸ್ (ಕಳಿಸುವಾಗಲೇ ಕತ್ತರಿಸುವ ಟ್ಯಾಕ್ಸ್) ಹಿಡೀತಾರೆ, ಇಬ್ಬರು ಮಾಷ್ಟ್ರ ಪೆನ್ಶನಲ್ಲಿ ನೀವು ಅಲ್ಲಿಗೆ ಮುಟ್ಲಿಕ್ಕಿಲ್ಲ. ಮತ್ತೆ ಊರಿನ ಸಿಮ್, ಅದು ಸತ್ರೆ ಓಟಿಪಿ ಇಲ್ಲ, ಓಟಿಪಿ ಇಲ್ಲದಿದ್ರೆ ಬ್ಯಾಂಕೂ ಇಲ್ಲ ಆಧಾರೂ ಇಲ್ಲ. ಹಳೇ ಫೋನಲ್ಲಿ ಅದನ್ನು ಹಾಕಿ ರೀಚಾರ್ಜ್ ತಪ್ಪದ ಹಾಗೆ ನೋಡ್ಕೊಳ್ಳಿ, ರೋಮಿಂಗ್ ಆನ್ ಮಾಡಿಸಿ, ಡಾಟಾ ಆಫ್ ಇಡಿ. ಅಲ್ಲಿನ ಸಿಮ್ ಇನ್ನೊಂದು ಫೋನಿಗೆ.

ಈಗ ಆರೋಗ್ಯ. ನಿಮ್ಮ ಪತ್ರ ಓದುವಾಗ ನಾನು ಜಾಸ್ತಿ ಯೋಚನೆ ಮಾಡಿದ್ದು ಇದನ್ನೇ. ಮೆಡಿಸೆಪ್, ಅಂದ್ರೆ ಕೇರಳ ಸರಕಾರ ನೌಕರರಿಗೆ, ಪೆನ್ಶನ್‌ನವರಿಗೆ ಮಾಡಿದ ಆರೋಗ್ಯ ವಿಮೆ, ನಮ್ಮ ದೇಶದ ಒಳಗಿನ ಲಿಸ್ಟಲ್ಲಿರುವ ಆಸ್ಪತ್ರೆಗಳಿಗೆ ಮಾತ್ರ, ಹೊರಗೆ ಅದು ಬರುದಿಲ್ಲ. ಟ್ರಾವೆಲ್ ಇನ್ಶೂರೆನ್ಸ್ ಬೇರೆಯೇ ಮಾಡ್ಬೇಕು, ಸಾಮಾನ್ಯವಾಗಿ ಒಂದು ಸಲಕ್ಕೆ 180 ದಿನದ ತನಕ ಕೊಡ್ತಾರೆ, ಆರು ತಿಂಗಳ ಒಳಗೆ ವಾಪಸ್ ಬನ್ನಿ ಅಂತ ನಾನು ಹೇಳ್ಲಿಕ್ಕೆ ಅದೂ ಒಂದು ಕಾರಣ. ಶುಗರ್, ಬಿಪಿ ಉಂಟು ಅಂತ ಫಾರ್ಮಲ್ಲಿ ಬರೆದೇ ಬರೀರಿ. ಏಜೆಂಟ್ ಬೇಡ ಅಂದ್ರೂ ಬರೀರಿ. ಮುಚ್ಚಿಟ್ಟದ್ದು ಕ್ಲೈಮ್ ಹೊತ್ತಿಗೆ ಹೊರಗೆ ಬಂದ್ರೆ ಒಂದು ಪೈಸೆ ಸಿಗುದಿಲ್ಲ. ಹೆಚ್ಚಿನ ಪಾಲಿಸಿಗಳು ಮೊದಲೇ ಇದ್ದ ಕಾಯಿಲೆಗೆ ಜೀವಕ್ಕೆ ಅಪಾಯ ಆದಾಗ ಮಾತ್ರ ಕೊಡ್ತವೆ, ಆ ಸಾಲು ಹುಡುಕಿ ಓದಿ, ಊರಿಗೆ ಕರ್ಕೊಂಡು ಬರುವ ಖರ್ಚು ಸೇರಿದೆಯಾ ಅಂತಲೂ ನೋಡಿ.

2020ರ ಮಾರ್ಚಲ್ಲಿ ಕೊರೋನಾ ಅಂತ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಮಂಗ್ಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಜಿಲ್ಲೆಯವರು ಪಟ್ಟ ಕಷ್ಟ ನಿಮಗೆ ನೆನಪುಂಟಲ್ಲ. ಆಮೇಲೆ ನಾನೊಂದು ನಿಯಮ ಮಾಡ್ಕೊಂಡಿದ್ದೇನೆ, ಯಾವ ಊರಿಗೆ ಹೋದ್ರೂ ಮೊದಲ ವಾರದಲ್ಲೇ ಹತ್ರದ ಆಸ್ಪತ್ರೆಗೆ ಕಾಲಿಟ್ಟು ನೋಡುದು, ಒಂದು ಸಾದಾ ಬಿಪಿ ಚೆಕಪ್ ಮಾಡಿಸಿ ಡಾಕ್ಟ್ರ ಮುಖ ಪರಿಚಯ ಮಾಡ್ಕೊಳ್ಳುದು, ರಾತ್ರಿ ಹೊತ್ತು ಹೇಗೆ ಹೋಗುದು ಅಂತ ತಿಳ್ಕೊಳ್ಳುದು. ಮಲೇಶಿಯಾದ ಪೆನಾಂಗ್ ನನಗೆ ಇಷ್ಟ ಆಗ್ಲಿಕ್ಕೆ ಇದೂ ಕಾರಣ, ಚಿಕಿತ್ಸೆಗೇ ಅಂತ ಸುತ್ತಲಿನ ದೇಶದವರು ಬರುವ ಊರು ಅದು. ಅಲ್ಲಿ ಶುಗರ್ ಟೆಸ್ಟ್ ಮಾಡಿಸಿದ್ರೆ ಏಳೋ ಎಂಟೋ ಅಂತ ಬರ್ತದೆ, ಗಾಬರಿ ಬೇಡ, ಅವರ ಅಳತೆ ಬೇರೆ, 18ರಿಂದ ಗುಣಿಸಿ, 7 ಅಂದ್ರೆ ನಮ್ಮ 126.

ಮಾತ್ರೆಗಳು ನೀವು ಹೋಗುವ ಅಷ್ಟೂ ದಿನಕ್ಕೆ ಕಟ್ಟಿಕೊಳ್ಳಿ, ಶೀಟಿಂದ ಬಿಡಿಸದೆ, ಡಾಕ್ಟ್ರ ಲೆಟರ್‌ಹೆಡಲ್ಲಿ ಕಂಪೆನಿ ಹೆಸರಲ್ಲ, ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್, ಆಮ್ಲೋಡಿಪಿನ್ ಅಂತ ಒಳಗಿನ ಮದ್ದಿನ ಹೆಸರೇ ಬರೆಸಿ, ಅದಿದ್ರೆ ಯಾವ ದೇಶದ ಮೆಡಿಕಲ್ಲಲ್ಲೂ ಅರ್ಥ ಆಗ್ತದೆ. ಕೋಡೀನ್ ಇರುವ ಕೆಮ್ಮಿನ ಮದ್ದು, ಟ್ರಮಡಾಲ್ ಇರುವ ನೋವಿನ ಮಾತ್ರೆ ಮನೆಯಲ್ಲೇ ಬಿಡಿ, ದುಬೈ, ಸಿಂಗಾಪುರದ ಮೂಲಕ ವಿಮಾನ ಬದಲಾಯಿಸುವವರಂತೂ ಮುಟ್ಲೇಬೇಡಿ. ಗ್ಲುಕೋಮೀಟರಿನ ಸ್ಟ್ರಿಪ್ ನಮ್ಮ ಮೆಶಿನಿನದ್ದೇ ಅಲ್ಲಿ ಸಿಗ್ತದೆ ಅಂತ ಇಲ್ಲ, ಸಾಕಷ್ಟು ತಗೊಳ್ಳಿ. ಇನ್ನೊಂದು, ಕಾಲು. ಪರದೇಶದಲ್ಲಿ ನಮಗೆ ಗೊತ್ತಿಲ್ಲದ ಹಾಗೆ ನಡೀತೇವೆ, ಶುಗರ್ ಇರುವವರು ರಾತ್ರಿ ಪಾದ ನೋಡದೆ ಮಲಗ್ಬಾರ್ದು. ಶ್ರೀಲಂಕಾದ ಅನುರಾಧಪುರದಲ್ಲಿ ಚಪ್ಪಲಿ ಬಿಟ್ಟು ಸುಡುವ ಕಲ್ಲಿನ ಮೇಲೆ ನಡೀಬೇಕು, ಬೆಳಗ್ಗೆ ಬೇಗ ಹೋಗಿ, ದಪ್ಪ ಸಾಕ್ಸ್ ಇಟ್ಕೊಳ್ಳಿ.

ಬ್ಯಾಗಿನ ವಿಷಯ ಚಿಕ್ಕದು. ಹೆಚ್ಚಿನ ವಿಮಾನಗಳಲ್ಲಿ ಕೈಚೀಲಕ್ಕೆ 7 ಕಿಲೋ ಮಿತಿ, ಅದರ ಒಳಗೆ ಇಬ್ಬರೂ ಬದುಕ್ಬಹುದು. ಬೆಚ್ಚಗಿನ ದೇಶಗಳಿಗೆ ಹೋಗುದಲ್ವಾ, ನಾಲ್ಕು ಜೊತೆ ಬಟ್ಟೆ, ಎರಡು ಬೈರಾಸು (ತೆಳು ಟವೆಲ್), ಒಂದು ಪಂಚೆ, ಟೀಚರಿಗೆ ಒಂದು ಹತ್ತಿ ಸೀರೆ ಹಬ್ಬಕ್ಕೋ ದೇವಸ್ಥಾನಕ್ಕೋ ಬೇಕಾಗ್ತದೆ. ಬೈರಾಸು ರಾತ್ರಿ ಒಗೆದ್ರೆ ಬೆಳಗ್ಗೆ ಒಣಗಿರ್ತದೆ, ಟರ್ಕಿ ಟವೆಲ್ ದಂಡ. ಹೆಚ್ಚುವರಿ ಕನ್ನಡಕ ಮರೀಬೇಡಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರ್ಬೇಕು. ನಮ್ಮವರು ತಪ್ಪದೆ ಕಟ್ಟುವ ಎರಡು ವಸ್ತು ಮಾತ್ರ ಬೇಡವೇ ಬೇಡ: ಒಣ ಕೊಬ್ಬರಿ, ಅದು ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುವ ವಸ್ತು ಅಂತ ವಿಮಾನದ ನಿಯಮದಲ್ಲೇ ಉಂಟು, ಮತ್ತೆ ಗಸಗಸೆ, ಗಲ್ಫಿನ ದೇಶಗಳಲ್ಲಿ, ಸಿಂಗಾಪುರದಲ್ಲಿ ಅದು ಮಾದಕ ವಸ್ತುವಿನ ಕೇಸು.

ಮನೆಯಲ್ಲಿ ತುಂಬಿದ ಸಾಮಾನಿನ ಬಗ್ಗೆ ನೀವು ಕೇಳ್ಲಿಲ್ಲ, ಆದ್ರೂ ಹೇಳ್ತೇನೆ. ಬಿಸಾಡುವ ದೃಷ್ಟಿಯಲ್ಲಿ ನೋಡಿದ್ರೆ ಒಂದು ಚಮಚವೂ ಹೊರಗೆ ಹೋಗುದಿಲ್ಲ. ಯಾರಿಗೆ ಬೇಕು ಅಂತ ನೋಡಿ, ಆವಾಗ ಕೈ ಬರ್ತದೆ. ನಿಮ್ಮ ಹತ್ರ ಪುಸ್ತಕ ತುಂಬ ಇರ್ಬಹುದು, ಪ್ರಸಂಗದ ಪುಸ್ತಕಗಳನ್ನು ಅರ್ಥ ಹೇಳ್ಲಿಕ್ಕೆ ಕಲಿಯುವ ಹುಡುಗರಿಗೆ ಕೊಡಿ, ಉಳಿದದ್ದು ನೀವು ಪಾಠ ಮಾಡಿದ ಶಾಲೆಯ ಲೈಬ್ರೆರಿಗೆ. ಗಡಿನಾಡಲ್ಲಿ ಕನ್ನಡ ಪುಸ್ತಕ ಮಕ್ಕಳ ಕೈಗೆ ಸಿಗುದೇ ಕಷ್ಟ ಆಗ್ತಾ ಇರುವಾಗ ನಮ್ಮ ಕಪಾಟಲ್ಲಿ ಒರಳೆ ಹಿಡಿಯುದು ಸರಿಯಾ ಹೇಳಿ. ಹಳೇ ಫೋಟೋ ಎಲ್ಲ ಸ್ಕ್ಯಾನ್ ಮಾಡಿಸಿ ಮಕ್ಕಳಿಗೂ ಒಂದು ಪ್ರತಿ ಕೊಡಿ. ಜಾಗದ ಆಧಾರ ಪತ್ರ, ಚಿನ್ನ ಲಾಕರಿಗೆ. ಅಜ್ಜಿಯ ಉರುಳಿ, ಕಡೆಯುವ ಕಲ್ಲು ಅಲ್ಲೇ ಇರ್ಲಿ, ಮಳೆಗಾಲಕ್ಕೆ ಬರುವ ಮನೆ ಅಲ್ವಾ.

ಊಟಕ್ಕೆ ಅಡುಗೆಕೋಣೆ ಇರುವ ರೂಮೇ ಹಿಡೀರಿ, ದಿನದ ಲೆಕ್ಕದಲ್ಲಿ ಅಲ್ಲ, ತಿಂಗಳ ಲೆಕ್ಕದಲ್ಲಿ, ಬಾಡಿಗೆ ತುಂಬ ಇಳೀತದೆ. ನಾವು ಮೊದಲ ನಾಲ್ಕು ದಿನಕ್ಕೆ ಮಾತ್ರ ಬುಕ್ ಮಾಡಿ ಹೋಗಿ, ಕಣ್ಣಲ್ಲಿ ನೋಡಿ ತಿಂಗಳಿಗೆ ಮಾತಾಡುದು. ಶ್ರೀಲಂಕಾದಲ್ಲಿ ಕೆಂಪಕ್ಕಿ ಅನ್ನ, ಅಪ್ಪ, ಒತ್ತು ಶ್ಯಾವಿಗೆ ಎಲ್ಲ ನಮ್ಮದೇ ರುಚಿ, ಆದ್ರೆ ತೆಂಗಿನಕಾಯಿ ಸಂಬೋಲಕ್ಕೆ ಒಣಮೀನಿನ ಪುಡಿ ಹಾಕ್ತಾರೆ, ಕೇಳಿಯೇ ತಿನ್ನಿ, ಜಾಫ್ನಾದಲ್ಲಿ ಸಸ್ಯಾಹಾರಿ ಹೋಟೆಲ್ ಸುಲಭವಾಗಿ ಸಿಗ್ತದೆ. ಥಾಯ್ಲೆಂಡ್, ವಿಯೆಟ್ನಾಮಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳ್ತದೆ, ಥಾಯ್ಲೆಂಡಲ್ಲಿ "ಜೇ", ವಿಯೆಟ್ನಾಮಲ್ಲಿ "ಚಾಯ್" ಅಂತ ಬೋರ್ಡ್ ಇರುವ ಕಡೆ ಹೋದ್ರೆ ಚಿಂತೆ ಇಲ್ಲ. ಅಲ್ಲಿನ ಸಾಸುಗಳಲ್ಲಿ ಉಪ್ಪು ಜಾಸ್ತಿ, ಟೀಚರ್ ನೋಡ್ಕೊಳ್ಬೇಕು. ಪೆನಾಂಗಲ್ಲಿ ತಮಿಳು ಮಾತಾಡುವವರು ತುಂಬ, ಇಡ್ಲಿ ದೋಸೆಗೆ ಬರ ಇಲ್ಲ, ಆದ್ರೆ ಚಾಯಕ್ಕೆ ಕಂಡೆನ್ಸ್ಡ್ ಮಿಲ್ಕ್ ಸುರೀತಾರೆ, ನೀವು "ತೇ ಓ ಕೊಸೊಂಗ್" ಅನ್ನಿ, ಹಾಲು ಸಕ್ರೆ ಎರಡೂ ಇಲ್ಲದ್ದು ಕೊಡ್ತಾರೆ. ತುಳು, ಕನ್ನಡ, ಮಲಯಾಳ ಮೂರನ್ನೂ ಒಟ್ಟಿಗೆ ಆಡಿ ಬೆಳೆದ ನಮ್ಮ ಕಿವಿಗೆ ಹೊಸ ಭಾಷೆಯ ಹತ್ತು ಮಾತು ಹಿಡಿಯುದು ಕಷ್ಟ ಅಲ್ಲ.

ಒಂದು ಕಡೆ ತಿಂಗಳಿಗಿಂತ ಕಡಿಮೆ ನಿಲ್ಬೇಡಿ. ವಾರಕ್ಕೊಂದು ಊರು ಬದಲಾಯಿಸಿದ್ರೆ ಸುಸ್ತು, ಖರ್ಚು ಎರಡೂ ಹೆಚ್ಚು, ಮಾತ್ರೆಯ ಹೊತ್ತೂ ತಪ್ತದೆ. ಅಲ್ಲಿ ದಿನ ಉದ್ದ ಅನ್ನಿಸ್ತದೆ ಮಾಷ್ಟ್ರೇ, ಇದನ್ನು ಯಾರೂ ಮೊದಲೇ ಹೇಳುದಿಲ್ಲ. ಊರಲ್ಲಿ ತೋಟಕ್ಕೆ ಹೋಗುದು, ಯಾರೋ ಬರುದು, ಮದುವೆ ಪೂಜೆ ಅಂತ ಹೊತ್ತು ಹೋಗ್ತದೆ, ಅಲ್ಲಿ ಇಡೀ ದಿನ ಗಂಡ ಹೆಂಡತಿ ಇಬ್ಬರೇ. ಬೆಳಗ್ಗೆ ಇಬ್ಬರೂ ಒಟ್ಟಿಗೆ ನಡೀಲಿಕ್ಕೆ ಹೋಗಿ, ಆಮೇಲೆ ಎರಡು ಮೂರು ಗಂಟೆ ಅವರವರ ಕೆಲಸ ಅವರವರಿಗೆ ಅಂತ ಮಾಡ್ಕೊಳ್ಳಿ. ನೀವು ಮಳೆಗಾಲದ ಕೂಟಕ್ಕೆ ಅರ್ಥ ತಯಾರಿ ಮಾಡ್ಲಿಕ್ಕೆ ಅದಕ್ಕಿಂತ ಒಳ್ಳೆ ಹೊತ್ತು ಊರಲ್ಲಿ ಸಿಗ್ಲಿಕ್ಕಿಲ್ಲ. ಟೀಚರಿಗೆ ಎಂತ ಮಾಡ್ಲಿಕ್ಕೆ ಆಸೆ ಅಂತ ಅವರ ಹತ್ರವೇ ಕೇಳಿ, ಪತ್ರದಲ್ಲಿ ಅವರ ಮಾತು ಕಡಿಮೆ ಇತ್ತು.

ಮೊದಲ ವರ್ಷಕ್ಕೆ ನಾನು ಹೇಳುದು ಇಷ್ಟು. ಡಿಸೆಂಬರಲ್ಲಿ ಶ್ರೀಲಂಕಾ ಒಂದು ತಿಂಗಳು, ಆ ಹೊತ್ತಿಗೆ ಅವರ ಪಡುಗಡಲ ಕರೆಯಲ್ಲಿ ಹವೆ ಒಳ್ಳೇದಾಗಿರ್ತದೆ, ಹತ್ರವೂ ಹೌದು, ಸರಿ ಹೋಗದಿದ್ರೆ ತಟ್ಟನೆ ವಾಪಸ್ ಬರ್ಬಹುದು. ಜನವರಿಯಲ್ಲಿ ಪೆನಾಂಗ್ ಒಂದು ತಿಂಗಳು. ಅಷ್ಟಕ್ಕೆ ಊರಿಗೆ ಬನ್ನಿ. ಥಾಯ್ಲೆಂಡಿನ ಚಿಯಾಂಗ್ ಮಾಯ್ ಮುಂದಿನ ವರ್ಷಕ್ಕೆ ಇರ್ಲಿ, ಅಲ್ಲಿಗೆ ಹೋಗುದಾದ್ರೆ ಜನವರಿ ಒಳಗೆ ಹೋಗಿ ಬರ್ಬೇಕು, ಫೆಬ್ರವರಿಯಿಂದ ಏಪ್ರಿಲ್ ತನಕ ಗದ್ದೆ, ಕಾಡು ಸುಡುವ ಹೊಗೆ ಊರನ್ನೇ ಮುಚ್ತದೆ. ವಿಯೆಟ್ನಾಮಿನ ಡಾ ನಾಂಗ್ ಕಡೆ ಅಕ್ಟೋಬರ್ ನವೆಂಬರಲ್ಲಿ ಜೋರು ಮಳೆ, ಫೆಬ್ರವರಿ ಆದ್ರೆ ಒಳ್ಳೇದು. ಈಗ ಇಬ್ಬರ ಪಾಸ್‌ಪೋರ್ಟ್ ತೆಗೆದು ನೋಡಿ, ಹೊರಡುವ ದಿನದಿಂದ ಆರು ತಿಂಗಳಿಗಿಂತ ಜಾಸ್ತಿ ಅವಧಿ ಬೇಕು, ಖಾಲಿ ಪುಟ ಬೇಕು, ಎರಡರಲ್ಲೂ ಹೆಸರಿನ ಇನಿಶಿಯಲ್ ಬಿಡಿಸಿ ಬರೆದದ್ದು ಆಧಾರಿಗೆ, ಪೆನ್ಶನ್ ಪುಸ್ತಕಕ್ಕೆ ತಾಳೆ ಆಗ್ಬೇಕು. ರಿನ್ಯೂ ಮಾಡಿಸುದಿದ್ರೆ 60 ಪುಟದ್ದೇ ಕೇಳಿ. ಟೀಚರ ಪೆನ್ಶನ್ ಆರ್ಡರ್ ಕೈಗೆ ಬಂದ ಮೇಲೆ ಮೊದಲ ಟಿಕೆಟ್ ಮಾಡಿ, ಅದಕ್ಕಿಂತ ಮುಂಚೆ ಬೇಡ.